ಗರ್ಭ ನೋಡುವ ಯಂತ್ರ, ಡ್ರೋನ್‌ಗೆ ಕಣ್ಣು: ಕೆಲಸ ಬಿಡಬೇಕಾ, ಇದ್ದು ಕೇಳಬೇಕಾ?

ಪ್ರಶ್ನೆ: ನಾನು ಪಾಂಡವಪುರ ತಾಲೂಕಿನ ರೈತರ ಮನೆಯವಳು. ಎಂ.ಟೆಕ್ ಮುಗಿಸಿ ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊಬೈಲಿಗೆ ಸಿಕ್ಕಿಸುವ ಅಂಗೈಯಗಲದ ಸ್ಕ್ಯಾನಿಂಗ್ ಪ್ರೋಬ್‌ಗೆ ಎಐ ತಂತ್ರಾಂಶ ಬರೆಯುವುದು ನಮ್ಮ ತಂಡದ ಕೆಲಸ. ಹೊಟ್ಟೆಯ ಮೇಲೆ ಪ್ರೋಬ್ ಆಡಿಸಿದರೆ ಗರ್ಭಕ್ಕೆ ಎಷ್ಟು ವಾರ, ಮಗುವಿನ ತಲೆ ಕೆಳಗಿದೆಯಾ, ಅವಳಿಯಾ ಎಂದು ಹೇಳುತ್ತದೆ. ಆಶಾ ಕಾರ್ಯಕರ್ತೆಯರ ಕೈಗೆ ಕೊಡುವ ಯೋಚನೆ ಕಂಪನಿಗಿದೆ. ಒಳ್ಳೆಯ ಕೆಲಸ ಎಂದೇ ಸೇರಿದ್ದು. ಆದರೆ ಮಂಡ್ಯದ ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಸುದ್ದಿ ಓದಿದ ಮೇಲೆ ಭಯ ಶುರುವಾಗಿದೆ. ಈಗ ಇನ್ನೊಂದು. ಮಬ್ಬು ಚಿತ್ರದಲ್ಲಿ ಆಕಾರ ಗುರುತಿಸುವ ನಮ್ಮ ತಂತ್ರಾಂಶದ ಭಾಗವನ್ನು ಹೊರದೇಶದ ಒಂದು ಡ್ರೋನ್ ಕಂಪನಿಗೆ ಮಾರೋಣ, ಗುರಿ ಹುಡುಕಲು ಅವರಿಗೆ ಬೇಕಂತೆ ಎಂದು ಹಣ ಹೂಡಿದವರು ಹೇಳುತ್ತಿದ್ದಾರೆ. ಮ್ಯಾನೇಜರ್ "ನೀವು ಮಾಡದಿದ್ರೆ ಇನ್ನೊಬ್ರು ಮಾಡ್ತಾರೆ" ಅಂದರು. ಅಪ್ಪ, "ಕುಲುಮೆಯವನು ಮಚ್ಚು ಮಾಡಿಕೊಡ್ತಾನೆ. ಅದರಲ್ಲಿ ಕಬ್ಬು ಕಡೀತಾರೋ ಕತ್ತು ಕಡೀತಾರೋ ಅವನಿಗೇನು ಗೊತ್ತು? ನಿನ್ನ ಕೆಲಸ ನೀನು ಮಾಡು" ಅನ್ನುತ್ತಾರೆ. ಶಿಕ್ಷಣ ಸಾಲ ಇನ್ನೂ ಇದೆ, ತಮ್ಮ ಓದುತ್ತಿದ್ದಾನೆ. ಕೆಲಸ ಬಿಡಬೇಕಾ? ಅಥವಾ ನಾನೇ ಅತಿಯಾಗಿ ಯೋಚಿಸುತ್ತಿದ್ದೇನಾ?

ಉತ್ತರ: ಅತಿಯಾಗಿ ಯೋಚಿಸುತ್ತಿಲ್ಲ. ಆದರೆ ಎರಡು ಬೇರೆ ಬೇರೆ ಚಿಂತೆಗಳನ್ನು ಒಂದೇ ಗಂಟು ಕಟ್ಟಿದ್ದೀರಿ. ಸ್ಕ್ಯಾನಿಂಗ್‌ನದು ನಮ್ಮಲ್ಲಿ ಕಾನೂನು ಗಟ್ಟಿಯಾಗಿರುವ ವಿಷಯ. ಡ್ರೋನ್‌ನದು ಜಗತ್ತಿನಲ್ಲೇ ಕಾನೂನು ಇನ್ನೂ ಗಟ್ಟಿಯಾಗದ ವಿಷಯ. ಮೊದಲನೆಯದಕ್ಕೆ ನಿಮ್ಮ ಮುಂದೆ ದಾರಿಗಳು ಸ್ಪಷ್ಟವಾಗಿವೆ. ಎರಡನೆಯದಕ್ಕೆ ಹೆಚ್ಚಿನ ಪಾಲು ನಿಮ್ಮ ನಿರ್ಧಾರವೇ. ನಾನು ಸಮುದಾಯ ವೈದ್ಯ, ಮಂಡ್ಯ–ಮೈಸೂರು ಸೀಮೆಯ ಆರೋಗ್ಯ ಕೇಂದ್ರಗಳ ಜೊತೆ ಕೆಲಸ ಮಾಡಿದವನು, ಸ್ಕ್ಯಾನಿಂಗ್ ಸೆಂಟರ್‌ಗಳ ತಪಾಸಣೆಗೂ ಹೋದವನು. ಕೋಡ್ ನನಗೆ ಬರುವುದಿಲ್ಲ. ಕೋಡ್ ಊರಿಗೆ ಬಂದ ಮೇಲೆ ಏನಾಗುತ್ತದೆ ಎನ್ನುವುದು ಗೊತ್ತು.

ಮೊದಲು ನಿಮ್ಮ ಯಂತ್ರದ ಪರವಾಗಿಯೇ ಎರಡು ಮಾತು, ಯಾಕೆಂದರೆ ಭಯದಲ್ಲಿ ಅದನ್ನು ನೀವು ಮರೆತಂತಿದೆ. ಎಚ್.ಡಿ. ಕೋಟೆ ಕಡೆಯ ಹಾಡಿಯಲ್ಲಿ ಬಸುರಿ ಹೆಂಗಸನ್ನು ಕೊನೆಯ ಮುಟ್ಟು ಯಾವಾಗ ಎಂದು ಕೇಳಿದರೆ "ಯುಗಾದಿ ಆದ್ಮೇಲೆ ಒಂದ್ಸಲ ಆಗಿತ್ತು ಕಣಕ್ಕ" ಎನ್ನುತ್ತಾಳೆ. ನರ್ಸಮ್ಮ ಅದರಲ್ಲೇ ಅಂದಾಜು ಮಾಡಿ ತಾಯಿ ಕಾರ್ಡಿನಲ್ಲಿ ಹೆರಿಗೆ ದಿನಾಂಕ ಬರೆಯುತ್ತಾಳೆ. ಆ ದಿನಾಂಕ ಒಂದು ತಿಂಗಳು ಆಚೀಚೆ ಆದರೆ, ದಿನ ತುಂಬಿದ್ದು ಯಾವುದು, ತುಂಬದ್ದು ಯಾವುದು ಎನ್ನುವುದೇ ತಿಳಿಯುವುದಿಲ್ಲ. ಮಗು ಅಡ್ಡಲಾಗಿದೆ ಎನ್ನುವುದು ನೋವು ಶುರುವಾದ ಮೇಲೆ ಗೊತ್ತಾಗಿ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯವರೆಗೆ ಬರಬೇಕು. ನುರಿತ ಕೈ ಇಲ್ಲದೆಯೂ ಗರ್ಭದ ವಾರ ಹೇಳುವ ಯಂತ್ರ ಸಿಕ್ಕರೆ ಅದು ನಿಜಕ್ಕೂ ಜೀವ ಉಳಿಸುತ್ತದೆ. ಹಾಗಾಗಿ "ಇಂಥದ್ದನ್ನು ಮಾಡಲೇಬಾರದು" ಎನ್ನುವವರ ಸಾಲಿನಲ್ಲಿ ನಾನಿಲ್ಲ.

ಈಗ ನಿಮ್ಮ ತಂದೆಯವರ ಕುಲುಮೆಯ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಮಚ್ಚು ಮಾಡಿದ ತಪ್ಪಿಗೆ ಕಮ್ಮಾರನನ್ನು ಯಾರೂ ಹಿಡಿಯುವುದಿಲ್ಲ. ಆದರೆ ಊರಿನ ಕುಲುಮೆಯವನಿಗೆ ಏನೂ ಗೊತ್ತಿರುವುದಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ಯಾರ ಮನೆಗೆ ಯಾವ ಮಚ್ಚು, ಕಬ್ಬಿಗೆ ಎಷ್ಟು ಬಾಗು, ತೆಂಗಿಗೆ ಎಷ್ಟು ತೂಕ ಎಲ್ಲವೂ ಅವನಿಗೆ ಗೊತ್ತು. ರಾತ್ರಿ ಹತ್ತು ಗಂಟೆಗೆ ಗುರುತಿಲ್ಲದ ನಾಲ್ಕು ಹುಡುಗರು ಬಂದು ಮಾರುದ್ದದ ಲಾಂಗ್ ಬೇಕು, ಬೆಳಗಾಗುವುದರೊಳಗೆ ಬೇಕು ಎಂದರೆ ಅವನಿಗೆ ಅರ್ಥವಾಗುತ್ತದೆ. ನಿಮ್ಮ ಸ್ಥಿತಿಯೂ ಅದೇ. ಯಾರಿಗೆ, ಯಾತಕ್ಕೆ ಎಂದು ನಿಮಗೆ ಆಗಲೇ ಹೇಳಿದ್ದಾರೆ.

ಸ್ಕ್ಯಾನಿಂಗ್ ವಿಷಯಕ್ಕೆ ಬರೋಣ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲು ಮಾಡಿದ ಜಾಲವೊಂದು ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿತ್ತು. ಜನ ಬೆಚ್ಚಿದ್ದು ಬೆಲ್ಲ ಬೇಯಿಸುವ ಜಾಗದಲ್ಲಿ ಇಂಥ ಕೆಲಸವೇ ಎಂದು. ತಪಾಸಣೆಗೆ ಹೋಗುವ ನಮ್ಮಂಥವರಿಗೆ ದಿಗಿಲಾದದ್ದು ಬೇರೆ ಕಾರಣಕ್ಕೆ: ಯಂತ್ರ ಅಷ್ಟು ಚಿಕ್ಕದಾಗಿದೆ, ಅಷ್ಟು ಸುಲಭವಾಗಿ ಹೊತ್ತೊಯ್ಯಬಹುದು ಎನ್ನುವುದು. ನಿಮ್ಮದು ಇನ್ನೂ ಚಿಕ್ಕದು, ಜೇಬಿನಲ್ಲಿ ಹೋಗುತ್ತದೆ.

ಇಲ್ಲಿ ನಿಮ್ಮ ಕಂಪನಿಯವರು ಹೇಳಿಕೊಳ್ಳುತ್ತಿರಬಹುದಾದ ಒಂದು ಸಮಾಧಾನವನ್ನು ಮೊದಲೇ ತಳ್ಳಿಹಾಕುತ್ತೇನೆ. "ನಮ್ಮ ಆ್ಯಪ್ ಲಿಂಗ ತೋರಿಸುವುದೇ ಇಲ್ಲ, ಹಾಗಾಗಿ ಆ ಕಾಯ್ದೆ ನಮಗೆ ಸಂಬಂಧಿಸಿದ್ದಲ್ಲ." ಇದು ತಪ್ಪು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ, 2003ರ ತಿದ್ದುಪಡಿ ಸಹಿತ, ನೋಡುವುದು ಯಂತ್ರಕ್ಕೆ ಲಿಂಗ ಪತ್ತೆ ಮಾಡುವ ಸಾಮರ್ಥ್ಯ ಇದೆಯೇ ಎಂದು. ತೋರಿಸುತ್ತದೋ ಇಲ್ಲವೋ ಆಮೇಲಿನ ಮಾತು. ಅಂಥ ಯಂತ್ರವನ್ನು ನೋಂದಾಯಿತ ಕೇಂದ್ರಕ್ಕಷ್ಟೇ ಮಾರಬಹುದು. ಬಳಸುವವರು ಅರ್ಹ ವೈದ್ಯರೇ ಆಗಿರಬೇಕು. ಕೈಯಲ್ಲಿ ಒಯ್ಯುವ ಯಂತ್ರವನ್ನು ನೋಂದಣಿಯಾದ ಕಟ್ಟಡದೊಳಗೆ ಅಥವಾ ನೋಂದಾಯಿತ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬಹುದು. ಆಶಾ ಅಕ್ಕಂದಿರ ಕೈಗೆ ಕೊಟ್ಟು ಮನೆಮನೆಗೆ ಕಳಿಸುವ ಯೋಜನೆಗೆ ಈಗಿರುವ ಕಾನೂನಿನಲ್ಲಿ ಜಾಗವಿಲ್ಲ. ತೊಂದರೆಯಾದರೆ ಮೊದಲು ಸಿಕ್ಕಿಬೀಳುವವಳು ಆ ಆಶಾ. ತಿಂಗಳ ಗೌರವಧನಕ್ಕಾಗಿ ರಸ್ತೆಯಲ್ಲಿ ಧರಣಿ ಕೂರಬೇಕಾದ ಹೆಂಗಸಿನ ತಲೆಗೆ ಈ ಕೇಸನ್ನೂ ಕಟ್ಟುವುದು ಯಾವ ನ್ಯಾಯ? ಕಾನೂನು ಬದಲಾಗಬೇಕು ಎನ್ನುವವರು ಇದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ಬದಲಾಗುವವರೆಗೆ ಹೀಗೆಯೇ.

ತಪಾಸಣೆ ಹೇಗೆ ನಡೆಯುತ್ತದೆ ಎಂದು ಹೇಳಿದರೆ ನಿಮ್ಮ ಹೊಣೆ ಎಲ್ಲಿದೆ ಎನ್ನುವುದು ಹೊಳೆಯಬಹುದು. ಸ್ಕ್ಯಾನಿಂಗ್ ಸೆಂಟರ್‌ಗೆ ಹೋದರೆ ಮೊದಲು ಬಾಗಿಲಲ್ಲಿ ಬೋರ್ಡು, "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ." ಒಳಗೆ ನೋಂದಣಿ ಪತ್ರ, ಅದರಲ್ಲಿ ಯಂತ್ರದ ನಂಬರು. ಆಮೇಲೆ ಫಾರಂ ಎಫ್ ಕಟ್ಟು. ಪ್ರತಿ ಗರ್ಭಿಣಿಗೆ ಒಂದು: ಹೆಸರು, ವಿಳಾಸ, ಇರುವ ಮಕ್ಕಳು ಗಂಡೆಷ್ಟು ಹೆಣ್ಣೆಷ್ಟು, ಯಾವ ಕಾರಣಕ್ಕೆ ಸ್ಕ್ಯಾನ್, ಯಾರು ಕಳಿಸಿದ್ದು, ಸಹಿ. ಆ ಕಟ್ಟನ್ನೂ ಯಂತ್ರದೊಳಗೆ ಉಳಿದಿರುವ ಸ್ಕ್ಯಾನ್‌ಗಳನ್ನೂ ತಾಳೆ ಹಾಕುತ್ತೇವೆ. ಲೆಕ್ಕ ಹೊಂದದಿದ್ದರೆ ಪ್ರಶ್ನೆ ಶುರು. ಎಷ್ಟೋ ಸಲ ಇಡೀ ಪ್ರಕರಣ ನಿಂತಿರುವುದೇ ಈ ಒಣ ತಾಳೆಯ ಮೇಲೆ. ಈಗ ನಿಮ್ಮ ಪ್ರೋಬ್ ಹಿಡಿದುಕೊಳ್ಳಿ. ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡರೆ ಹಳೆಯದೆಲ್ಲ ಮಾಯ. ಬೇರೆ ಮೊಬೈಲಿಗೆ ಸಿಕ್ಕಿಸಿದರೆ ಹೊಸ ಯಂತ್ರ. ನಾನು ಯಾವುದನ್ನು ಯಾವುದರ ಜೊತೆ ತಾಳೆ ಹಾಕಲಿ?

ನಿಮ್ಮ ಹೊಣೆ ಇರುವುದು ಇಲ್ಲಿ. ಯಾರೋ ಮುಂದೆ ಏನೋ ಮಾಡಿಯಾರು ಎಂದು ಕೊರಗುವ ಬದಲು, ಯಂತ್ರ ಕಟ್ಟುವ ಹೊತ್ತಿನಲ್ಲೇ ಅದು ಏನನ್ನು ನೆನಪಿಟ್ಟುಕೊಳ್ಳಬೇಕು, ಏನನ್ನು ಮಾಡಲಾರದಂತೆ ಇರಬೇಕು ಎಂದು ತೀರ್ಮಾನಿಸುವುದು. ಪರದೆಯ ಮೇಲೆ ಚಿತ್ರವನ್ನೇ ತೋರಿಸದೆ "32 ವಾರ, ತಲೆ ಕೆಳಗೆ, ಒಂದೇ ಮಗು" ಎಂಬ ಉತ್ತರ ಮಾತ್ರ ಕೊಡಬಹುದು. ಪ್ರೋಬ್‌ನ ಒಳಗೇ, ಮೊಬೈಲಿನಲ್ಲಿ ಅಲ್ಲ, ಪ್ರತಿ ಸ್ಕ್ಯಾನ್‌ನ ಸಮಯ ಮತ್ತು ಸ್ಥಳ ಅಳಿಸಲಾಗದಂತೆ ದಾಖಲಾಗಬಹುದು. ನೋಂದಣಿಯಾದ ಜಾಗ ಬಿಟ್ಟು ಹೊರಗೆ ಹೋದರೆ ಕೆಲಸ ಮಾಡದಂತೆ ಇರಬಹುದು. ಪ್ರೋಬ್ ನಿಮ್ಮ ಆ್ಯಪ್ ಬಿಟ್ಟು ಬೇರೆ ಯಾವುದರ ಜೊತೆಗೂ ಮಾತಾಡದಂತೆ ಬೀಗ ಹಾಕಬಹುದು. ಇದರಲ್ಲಿ ಯಾವುದೂ ಪೂರ್ತಿ ಭದ್ರವಲ್ಲ. ಬೀಗ ಮುರಿಯುವವರು ಇದ್ದೇ ಇರುತ್ತಾರೆ, ಜಿಪಿಎಸ್‌ಗೆ ಸುಳ್ಳು ಹೇಳುವ ಆ್ಯಪ್‌ಗಳಿವೆ. ಕಷ್ಟ ಮಾಡುವುದಕ್ಕೂ ಬೆಲೆಯಿದೆ. ಆಲೆಮನೆಯ ದಂಧೆ ನಡೆದದ್ದು ಅದು ಸುಲಭವಾಗಿದ್ದರಿಂದ.

ಹಾನಿ ಮಾಡುವ ಉದ್ದೇಶ ಯಾರಿಗೂ ಇಲ್ಲದೆಯೂ ಹಾನಿ ಆಗುತ್ತದೆ ಎನ್ನುವುದಕ್ಕೆ ನಿಮ್ಮ ಜಿಲ್ಲೆಯದೇ ಹಳೆಯ ಉದಾಹರಣೆ ಇದೆ. 1930ರ ದಶಕದಲ್ಲಿ ಕನ್ನಂಬಾಡಿಯಿಂದ ಇರ್ವಿನ್ ನಾಲೆಯ ನೀರು, ಈಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವಲ್ಲ ಅದು, ಮಂಡ್ಯ ಸೀಮೆಗೆ ಹರಿಯಿತು. ರಾಗಿ ಹೊಲ ಭತ್ತದ ಗದ್ದೆಯಾಯಿತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು. ಜೊತೆಗೆ ಮಲೇರಿಯಾನೂ ಬಂತು. ನಿಂತ ನೀರಿನಲ್ಲಿ, ನಾಲೆಯ ಅಂಚಿನ ಜೊಂಡಿನಲ್ಲಿ ಸೊಳ್ಳೆ ಹೆಚ್ಚಿದವು, ಊರಿಗೆ ಊರೇ ಚಳಿಜ್ವರ ಹಿಡಿದು ಮಲಗಿತು. ಯಾವ ಎಂಜಿನಿಯರೂ ಕೆಟ್ಟವನಾಗಿರಲಿಲ್ಲ. ನಾಲೆ ಬೇಡವಾಗಿತ್ತು ಎಂದು ಮಂಡ್ಯದಲ್ಲಿ ನಿಂತು ಹೇಳುವ ಧೈರ್ಯ ನನಗಂತೂ ಇಲ್ಲ! ಬೇಕಾಗಿದ್ದದ್ದು ನೀರು ಬಿಡುವವನ ಪಕ್ಕದಲ್ಲೇ ಸೊಳ್ಳೆ ಎಣಿಸುವವನೊಬ್ಬ. ನಿಮ್ಮ ಕಂಪನಿಯಲ್ಲಿ ಆ ಎರಡನೆಯವನು ಯಾರು ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2023ರಲ್ಲಿ ಆರೋಗ್ಯ ಕ್ಷೇತ್ರದ ಎಐಗೆ ನೈತಿಕ ಮಾರ್ಗಸೂಚಿ ಹೊರಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯದು 2021ರಲ್ಲೇ ಬಂದಿದೆ. ಹೊಣೆ ಯಾರದು ಎಂಬ ಸ್ಪಷ್ಟತೆ ಎರಡರಲ್ಲೂ ಇದೆ, ನೈತಿಕ ಸಮಿತಿಯ ಒಪ್ಪಿಗೆ ಬೇಕೆನ್ನುವುದು ಐಸಿಎಂಆರ್‌ನದರಲ್ಲಿದೆ. ಬಾಸ್ ಮುಂದೆ "ನನಗೆ ಹೀಗನ್ನಿಸುತ್ತದೆ" ಎನ್ನುವುದಕ್ಕಿಂತ ಆ ಪುಟ ತೆರೆದಿಡುವುದು ಸುಲಭ.

ಇನ್ನು ಡ್ರೋನ್.

ಇಲ್ಲಿ ಎರಡು ಕಡೆಯ ಅತಿಗಳಿವೆ. ಸೇನೆಗೆ ಸಂಬಂಧಿಸಿದ್ದೆಲ್ಲ ಪಾಪ ಎನ್ನುವವರು ಒಂದು ಕಡೆ. ಮೈಸೂರಿನವರು ಹಾಗೆ ಹೇಳುವುದು ಕಷ್ಟ: ನಮ್ಮೂರಿನ ಡಿಎಫ್‌ಆರ್‌ಎಲ್ 1961ರಿಂದ ರಕ್ಷಣಾ ಇಲಾಖೆಯ ಪ್ರಯೋಗಾಲಯವಾಗಿ ಮಾಡಿದ್ದು ಯೋಧರಿಗೆ ಕೆಡದ ಆಹಾರ. ಆ ತಂತ್ರಜ್ಞಾನ ಖಾಸಗಿ ಕಂಪನಿಗಳಿಗೂ ಹೋಯಿತು, ಬಿಸಿ ಮಾಡಿ ತಿನ್ನುವ ಪೊಟ್ಟಣಗಳಾಗಿ ಅಂಗಡಿಗೂ ಬಂತು. ಇನ್ನೊಂದು ಕಡೆ, ತಂತ್ರಾಂಶ ಬರೀ ಗಣಿತ, ಅದಕ್ಕೆ ಒಳ್ಳೆಯದು ಕೆಟ್ಟದ್ದು ಇಲ್ಲ ಎನ್ನುವವರು. ಇವರಿಗೆ 2022ರ ಒಂದು ಪ್ರಯೋಗ ತೋರಿಸಬೇಕು. ಅಮೆರಿಕದ ಒಂದು ಸಣ್ಣ ಔಷಧ ಸಂಶೋಧನಾ ಕಂಪನಿಯ ವಿಜ್ಞಾನಿಗಳು, ಹೊಸ ಔಷಧ ಹುಡುಕುವ ತಮ್ಮ ಎಐಯಲ್ಲಿ ವಿಷಕ್ಕೆ ಅಂಕ ಕಳೆಯುತ್ತಿದ್ದ ಜಾಗದಲ್ಲಿ ಅಂಕ ಕೊಡುವಂತೆ ತಿರುಗಿಸಿದರು, ಅಪಾಯ ಎಷ್ಟಿದೆ ನೋಡೋಣ ಎಂದು. 6 ಗಂಟೆಯೊಳಗೆ ಅದು 40,000 ಅಣುಗಳ ಪಟ್ಟಿ ಕೊಟ್ಟಿತು. ಅದರಲ್ಲಿ ವಿಎಕ್ಸ್ ಎಂಬ ಭಯಂಕರ ನರವಿಷವೂ ಇತ್ತು, ಅದರಂಥ ಹೊಸವೂ ಇದ್ದವು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ವಿಷ ತಯಾರಾಗುವುದಿಲ್ಲ, ಅದಕ್ಕೆ ಕಚ್ಚಾವಸ್ತು, ಪ್ರಯೋಗಾಲಯ ಬೇಕು. ಆದರೂ ಔಷಧಕ್ಕೂ ವಿಷಕ್ಕೂ ನಡುವೆ ಇದ್ದದ್ದು ಕೂಡುವ–ಕಳೆಯುವ ಒಂದು ಚಿಹ್ನೆ. ನಿಮ್ಮ ಗಣಿತಕ್ಕೂ ಹಾಗೆಯೇ. ಮಬ್ಬಿನಲ್ಲಿ ಮಗುವಿನ ತಲೆ ಹುಡುಕುವ ಸಾಲುಗಳು ಹೊಗೆಯಲ್ಲಿ ಮನುಷ್ಯನ ತಲೆಯನ್ನೂ ಹುಡುಕುತ್ತವೆ.

ರಾಸಾಯನಿಕ ಅಸ್ತ್ರಕ್ಕೆ, ಜೈವಿಕ ಅಸ್ತ್ರಕ್ಕೆ ಅಂತರರಾಷ್ಟ್ರೀಯ ನಿಷೇಧ ಒಪ್ಪಂದಗಳಿವೆ. ತಾನೇ ಗುರಿ ಆರಿಸಿ ತಾನೇ ಹೊಡೆಯುವ ಯಂತ್ರಗಳಿಗೆ ಅಂಥದ್ದಿಲ್ಲ. 2026ರೊಳಗೆ ಒಪ್ಪಂದ ಆಗಲಿ ಎಂದು ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ 2023ರಲ್ಲಿ ಕರೆ ಕೊಟ್ಟರು, ಜಿನೀವಾದಲ್ಲಿ ವರ್ಷಗಳಿಂದ ಮಾತುಕತೆಯೂ ನಡೆದಿದೆ. ವೈದ್ಯನಾಗಿ ನನ್ನ ಚಿಂತೆ ಸರಳ. ಯುದ್ಧದಲ್ಲಿ ಗುಂಡಿಗೆ ಸಾಯುವವರ ಲೆಕ್ಕ ಮಾತ್ರ ಸುದ್ದಿಯಾಗುತ್ತದೆ. ಆಸ್ಪತ್ರೆ ನಿಂತು, ಕುಡಿಯುವ ನೀರಿನ ಪಂಪು ಸುಟ್ಟು, ಲಸಿಕೆಯ ಫ್ರಿಜ್ಜಿಗೆ ಕರೆಂಟು ಹೋಗಿ ಸಾಯುವವರನ್ನು ಎಣಿಸುವವರಿಲ್ಲ. ಆಸ್ಪತ್ರೆಗಳ ಮೇಲಿನ ದಾಳಿ ಖಂಡಿಸಿ ಭದ್ರತಾ ಮಂಡಳಿಯೇ 2016ರಲ್ಲಿ ನಿರ್ಣಯ ಮಾಡಿತು, ದಾಳಿಗಳು ನಿಂತಿಲ್ಲ. ಹೊರದೇಶದ ಕೊಳ್ಳುವವನಿಗೆ ಕೊಟ್ಟ ಮೇಲೆ ಅವನು ಇನ್ಯಾರಿಗೆ ಕೊಡುತ್ತಾನೆ ಎನ್ನುವುದೂ ನಿಮ್ಮ ಕೈಯಲ್ಲಿರುವುದಿಲ್ಲ.

ಆದರೆ ಇಲ್ಲೂ ಎರಡು ಕಾನೂನಿನ ಹಿಡಿಗಳಿವೆ, ಬಳಸಿಕೊಳ್ಳಿ. ಸೇನಾ ಬಳಕೆಗೂ ನಾಗರಿಕ ಬಳಕೆಗೂ ಬರುವ ಸರಕು, ತಂತ್ರಜ್ಞಾನ, ತಂತ್ರಾಂಶಗಳ ರಫ್ತಿಗೆ ನಮ್ಮಲ್ಲಿ ಸ್ಕೋಮೆಟ್ ಎಂಬ ಪಟ್ಟಿ ಇದೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ್ದು. ಅದಕ್ಕೆ ಒಳಪಟ್ಟರೆ ಪರವಾನಗಿ ಇಲ್ಲದೆ ಕಳಿಸುವುದು ಅಪರಾಧ. "ಇದು ಸ್ಕೋಮೆಟ್‌ಗೆ ಬರುತ್ತದೆಯೇ ಎಂದು ನೋಡಿದ್ದೀರಾ?" ಎಂಬ ಒಂದು ಇಮೇಲ್ ಸಾಕು, ಆಡಳಿತದವರು ಗಂಭೀರವಾಗಿ ಕೂರುತ್ತಾರೆ. ಎರಡನೆಯದು, ನಿಮ್ಮ ಎಐ ನೋಡಿ ಕಲಿತ ಬಸುರಿಯರ ಚಿತ್ರಗಳು. ಆ ಹೆಂಗಸರು ಒಪ್ಪಿಗೆಗೆ ಸಹಿ ಮಾಡಿದ್ದು ಗರ್ಭದ ಸಂಶೋಧನೆಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ, ಯಾವ ಉದ್ದೇಶಕ್ಕೆ ಒಪ್ಪಿದರೋ ಅದಕ್ಕೆ ಮಾತ್ರ ಎನ್ನುವುದು. ಹೆಸರು ತೆಗೆದಿದ್ದೇವೆ ಎನ್ನುವ ಉತ್ತರ ಬರುತ್ತದೆ. ಹೆಸರು ತೆಗೆದರೆ ಕಾನೂನಿನ ತೊಡಕು ಸ್ವಲ್ಪ ಕಡಿಮೆಯಾದೀತು. ಆ ತಾಯಂದಿರಿಗೆ ಹೇಳದೆ ಅವರ ಹೊಟ್ಟೆಯ ಚಿತ್ರದಿಂದ ಕಲಿತ ಕಣ್ಣನ್ನು ಡ್ರೋನ್‌ಗೆ ಇಡುವುದು ಸರಿಯಾಗಿಬಿಡುವುದಿಲ್ಲ.

"ನೀವು ಮಾಡದಿದ್ರೆ ಇನ್ನೊಬ್ರು" ಎಂಬ ಮಾತಿಗೆ ಜೋಸೆಫ್ ರೋಟ್‌ಬ್ಲಾಟ್ ಕಥೆ ಕೇಳಿ. ಪೋಲೆಂಡಿನ ಭೌತವಿಜ್ಞಾನಿ, ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿದ್ದವರು. ಹಿಟ್ಲರ್ ಕೈಗೆ ಬಾಂಬ್ ಮೊದಲು ಸಿಕ್ಕರೆ ಗತಿಯೇನು ಎಂಬ ಭಯದಿಂದ ಸೇರಿದ್ದು. ಜರ್ಮನಿ ಆ ಪ್ರಯತ್ನ ಕೈಬಿಟ್ಟಿದೆ ಎಂದು ಖಚಿತವಾದಾಗ, 1944ರ ಕೊನೆಯಲ್ಲಿ, ಬಿಟ್ಟು ಹೊರಟರು. ಗೂಢಚಾರ ಎಂಬ ಅನುಮಾನ ಹೊತ್ತರು. ಬಾಂಬ್ ಏನು ನಿಲ್ಲಲಿಲ್ಲ. ಮುಂದಿನ ಆಗಸ್ಟಿನಲ್ಲಿ ಬಿದ್ದೇ ಬಿತ್ತು. ಇಲ್ಲಿಗೆ ನಿಲ್ಲಿಸಿದರೆ ಮ್ಯಾನೇಜರ್ ಮಾತೇ ಗೆದ್ದಂತೆ. ಆದರೆ ಅವರು ಲಂಡನ್ನಿನ ಆಸ್ಪತ್ರೆಯೊಂದರ ವೈದ್ಯಕೀಯ ಕಾಲೇಜು ಸೇರಿ, ವಿಕಿರಣ ಜೀವಿಗಳ ಮೇಲೆ ಏನು ಮಾಡುತ್ತದೆ ಎಂದು ಅಧ್ಯಯನ ಮಾಡಿದರು. 1954ರಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿಯ ವಿವರ ನೋಡಿ, ಸರ್ಕಾರಗಳು ಹೇಳಿದ್ದಕ್ಕಿಂತ ವಿಕಿರಣ ಎಷ್ಟು ಹೆಚ್ಚು ಎಂದು ಲೆಕ್ಕ ಹಾಕಿ ತೋರಿಸಿದರು. ಅಣ್ವಸ್ತ್ರದ ಅಪಾಯದ ಬಗ್ಗೆ ಎಚ್ಚರಿಸಿದ 1955ರ ರಸೆಲ್–ಐನ್‌ಸ್ಟೈನ್ ಪ್ರಣಾಳಿಕೆಗೆ ಸಹಿ ಹಾಕಿದರು, 1957ರಲ್ಲಿ ಶೀತಲ ಸಮರದ ಎರಡೂ ಬಣಗಳ ವಿಜ್ಞಾನಿಗಳನ್ನು ಪಗ್‌ವಾಷ್ ಎಂಬ ಕೆನಡಾದ ಹಳ್ಳಿಯಲ್ಲಿ ಸೇರಿಸಿದವರಲ್ಲಿ ಒಬ್ಬರಾದರು. 1995ರ ಶಾಂತಿ ನೊಬೆಲ್ ಅವರಿಗೂ ಆ ಸಭೆಯಿಂದ ಬೆಳೆದ ಪಗ್‌ವಾಷ್ ಸಂಸ್ಥೆಗೂ ಬಂತು. ಕೆಲಸ ಬಿಟ್ಟದ್ದಕ್ಕಿಂತ, ಬಿಟ್ಟ ಮೇಲೆ ತಮಗೆ ತಿಳಿದದ್ದನ್ನು ಜನರ ಆರೋಗ್ಯದ ಕಡೆ ತಿರುಗಿಸಿದ್ದು ದೊಡ್ಡದು ಎಂದು ನನ್ನ ಎಣಿಕೆ.

ಈ ಕಾಲದ್ದೂ ಇದೆ. 2018ರಲ್ಲಿ ಡ್ರೋನ್ ಚಿತ್ರ ವಿಶ್ಲೇಷಿಸುವ ಅಮೆರಿಕ ಸೇನೆಯ ಯೋಜನೆಯ ವಿರುದ್ಧ ಗೂಗಲ್‌ನ ಸಾವಿರಾರು ನೌಕರರು ಸಹಿ ಹಾಕಿದರು. ಕಂಪನಿ ಆ ಒಪ್ಪಂದ ಮುಂದುವರಿಸಲಿಲ್ಲ, ಆಯುಧಕ್ಕೆ ಎಐ ಕೊಡುವುದಿಲ್ಲ ಎಂದೂ ಬರೆದುಕೊಂಡಿತು. 2025ರ ಫೆಬ್ರವರಿಯಲ್ಲಿ ಆ ಸಾಲನ್ನು ತೆಗೆದುಹಾಕಿತು. ಗುಂಪಾಗಿ ಕೇಳಿದರೆ ಫಲ ಸಿಗುತ್ತದೆ, ಸಿಕ್ಕಿದ್ದು ಶಾಶ್ವತವಲ್ಲ. ಎರಡೂ ನೆನಪಿರಲಿ.

ಹಾಗಾದರೆ ನೀವೇನು ಮಾಡಬಹುದು? ಇದ್ದು ಕೇಳುವುದು ಮೊದಲ ದಾರಿ. ಬಾಯಲ್ಲಿ ಬೇಡ, ಬರವಣಿಗೆಯಲ್ಲಿ, ಆರೋಪದ ಧಾಟಿಯಲ್ಲಿ ಅಲ್ಲ, ಪ್ರಶ್ನೆಯ ಧಾಟಿಯಲ್ಲಿ. ತಂಡದಲ್ಲಿ ಇನ್ನೂ ಇಬ್ಬರಾದರೂ ನಿಮ್ಮಂತೆ ಯೋಚಿಸುತ್ತಿರುತ್ತಾರೆ, ಒಟ್ಟಿಗೆ ಬರೆಯಿರಿ. ಇದರ ಅಪಾಯ: ನಿಮ್ಮನ್ನು "ತಲೆನೋವು" ಎಂದು ಗುರುತಿಸಬಹುದು, ಬಡ್ತಿ ತಪ್ಪಬಹುದು. ಜೊತೆಗೆ, ವರ್ಷಗಟ್ಟಲೆ "ನೋಡೋಣ" ಎನ್ನಿಸಿಕೊಂಡು ಅದೇ ಕೆಲಸ ಮಾಡುತ್ತ ಉಳಿದುಬಿಡುವ ಅಪಾಯವೂ ಇದೆ. ನನ್ನ ಸರ್ಕಾರಿ ಸ್ನೇಹಿತರಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ಕಂಡಿದ್ದೇನೆ. ಒಂದು ಗಡುವು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಡ್ರೋನ್ ಕೆಲಸಕ್ಕೆ ಮಾತ್ರ ಒಲ್ಲೆ ಎನ್ನುವುದು ಇನ್ನೊಂದು. ಸಣ್ಣ ಕಂಪನಿಯಲ್ಲಿ ಇದು ಕಷ್ಟ, ಯಾಕೆಂದರೆ ನಿಮ್ಮ ಕೋಡ್ ಆಗಲೇ ಅವರದು. ನೀವು ಕೈ ಹಾಕದಿದ್ದರೂ ಅದು ಹೋಗಬಹುದು. ಆದರೂ ನನ್ನ ಕೈಯಿಂದ ಆಗುವುದಿಲ್ಲ ಎನ್ನುವ ಹಕ್ಕು ನಿಮ್ಮದು, ಅದರಿಂದ ಅವರಿಗೆ ತಡವಾಗುತ್ತದೆ, ತಡವಾದಾಗ ಕೆಲವೊಮ್ಮೆ ಮನಸ್ಸು ಬದಲಾಗುತ್ತದೆ.

ಬಿಡುವುದಾದರೆ ಸಿಟ್ಟಿನಲ್ಲಿ ಬಿಡಬೇಡಿ. ಇನ್ನೊಂದು ನೇಮಕಾತಿ ಪತ್ರ ಕೈಗೆ ಬರಲಿ. ಸಾಲದ ಕಂತು ತಪ್ಪಿ ಅಪ್ಪ ಕಬ್ಬಿನ ದುಡ್ಡಿಗೆ ಕಾಯುತ್ತ ಕೂರುವಂತಾದರೆ, ಮುಂದಿನ ಸಲ ಎಲ್ಲಿಯೂ "ಇಲ್ಲ" ಎನ್ನುವ ಧೈರ್ಯ ನಿಮಗಿರುವುದಿಲ್ಲ. ಬಿಟ್ಟ ಮೇಲೆ ಇಂಥ ಕಂಪನಿ ಸೇರಬಾರದು ಎಂಬ ಕರಾರು ಇದ್ದರೆ ಹೆದರಬೇಡಿ, ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗೋಪ್ಯತೆಯ ಕರಾರು ಬೇರೆ, ಅದು ನಿಲ್ಲುತ್ತದೆ. ಕಂಪನಿಯ ಫೈಲು, ಕೋಡು, ರೋಗಿಗಳ ಚಿತ್ರ ಯಾವುದನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ, ಪತ್ರಕರ್ತ ಸ್ನೇಹಿತನಿಗೆ ವಾಟ್ಸ್ಆ್ಯಪ್ ಮಾಡಬೇಡಿ. ಒಳ್ಳೆಯ ಉದ್ದೇಶದ ಹುಡುಗರು ಇದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ದೂರು ಕೊನೆಯದು, ಆದರೆ ಒಂದು ಸಂದರ್ಭದಲ್ಲಿ ಅದೇ ಮೊದಲನೆಯದಾಗಬೇಕು. ನೋಂದಣಿ ಇಲ್ಲದ ಯಾರಿಗಾದರೂ ಪ್ರೋಬ್ ಮಾರಾಟವಾಗಿರುವುದು ಅಥವಾ "ಪ್ರಯೋಗಕ್ಕೆ" ಎಂದು ಹಳ್ಳಿಗೆ ಹೋಗಿರುವುದು ಗೊತ್ತಾದರೆ, ಗಡುವು ಗಿಡುವು ಬೇಡ. ವಕೀಲರೊಬ್ಬರನ್ನು ಕಂಡು, ಪಿಸಿಪಿಎನ್‌ಡಿಟಿ ಕಾಯ್ದೆಯಡಿಯ ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಕಾನೂನು ಮುರಿಯುವುದನ್ನು ಮುಚ್ಚಿಡು ಎಂದು ಯಾವ ಕರಾರೂ ನಿಮ್ಮನ್ನು ಕಟ್ಟಿಹಾಕಲಾರದು.

ಹಾಗಾಗಿ ಈ ವಾರ ಮಾಡಬೇಕಾದ ಕೆಲಸ ಚಿಕ್ಕದು. ನಿಮ್ಮ ಆಫೀಸಿನ ಬೀರುವಿನಲ್ಲಿ ಎಷ್ಟು ಪ್ರೋಬ್‌ಗಳಿವೆ, ಹೊರಗೆ ಹೋಗಿರುವವು ಎಷ್ಟು, ಅವು ಯಾವ ನೋಂದಣಿ ಸಂಖ್ಯೆಯಡಿ ಇವೆ ಎಂದು ಮ್ಯಾನೇಜರ್‌ಗೆ ಇಮೇಲಿನಲ್ಲಿ ಕೇಳಿ. ಉತ್ತರ ಬಂದರೂ ಬರದಿದ್ದರೂ ದಿನಾಂಕ ಬರೆದಿಡಿ.